ಆ ಬೆಟ್ಟದ ಹೆಸರು ಯಾಕೆ ಹೋಯಿತು ಅಂದರೆ

ಪ್ರೀತಿಯ ಗೆಳೆಯಾ,

2019ರಲ್ಲಿ ನೀನು ಡೆನ್ವರ್‌ನಿಂದ ಕಳಿಸಿದ್ದ ಫೋಟೋ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಚಳಿಗಾಳಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದೀಯ, ಪಕ್ಕದ ಬೋರ್ಡಿನಲ್ಲಿ ‘ಮೌಂಟ್ ಇವಾನ್ಸ್’. 2023ರಲ್ಲಿ ಅದು ಮೌಂಟ್ ಬ್ಲೂ ಸ್ಕೈ ಆಯಿತು. “ಯೂನಿವರ್ಸಿಟಿ ಕಟ್ಟಿದವನ ಹೆಸರನ್ನು ಯಾಕೆ ಕಿತ್ತರೋ” ಅಂತ ನೀನು ಕೇಳಿದಾಗ ನನಗೆ ಸರಿಯಾಗಿ ಹೇಳಲಾಗಲಿಲ್ಲ.

ಜಾನ್ ಇವಾನ್ಸ್ ವೈದ್ಯ. ಮಾನಸಿಕ ರೋಗಿಗಳಿಗೊಂದು ಆಸ್ಪತ್ರೆ ಆಗಲೆಂದು ಇಂಡಿಯಾನಾದಲ್ಲಿ ಓಡಾಡಿದವನು, ಗುಲಾಮಗಿರಿಯ ವಿರೋಧಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಕಟ್ಟಿದವರಲ್ಲಿ ಒಬ್ಬ. ಇದೆಲ್ಲ ನಿಜ. 1862ರಲ್ಲಿ ಲಿಂಕನ್ ಅವನನ್ನು ಡೆನ್ವರ್ ಇರುವ ಕೊಲರಾಡೋ ಪ್ರಾಂತ್ಯದ ಗವರ್ನರ್ ಮಾಡಿದ. ಅಲ್ಲಿನ ಮೂಲನಿವಾಸಿಗಳನ್ನು ನೋಡಿಕೊಳ್ಳುವ ಸರ್ಕಾರಿ ಹೊಣೆಯೂ ಅವನದೇ. ಆದರೆ ಅವನ ಕಣ್ಣೆಲ್ಲ ರೈಲಿನ ಮೇಲೆ, ಸೆನೆಟ್ ಸ್ಥಾನದ ಮೇಲೆ.

1864ರ ಜೂನ್‌ನಲ್ಲಿ, ಸ್ನೇಹದಿಂದಿರುವ ಮೂಲನಿವಾಸಿಗಳು ಸೈನ್ಯದ ಕೋಟೆಗಳ ಬಳಿ ಬಂದರೆ ರಕ್ಷಣೆ ಎಂದ. ಆಗಸ್ಟ್‌ನಲ್ಲಿ ಇನ್ನೊಂದು ಆಜ್ಞೆ: ಹಗೆಗಳಾದ ಮೂಲನಿವಾಸಿಗಳನ್ನು ಯಾವ ನಾಗರಿಕ ಬೇಕಾದರೂ ಅಟ್ಟಿಸಿಕೊಂಡು ಹೋಗಿ ಕೊಲ್ಲಬಹುದು, ಅವರ ಸೊತ್ತನ್ನು ತಾನೇ ಇಟ್ಟುಕೊಳ್ಳಬಹುದು. ಆ ಕೊನೆಯ ಮಾತು ನೋಡು. ಕೊಲೆಗೆ ಅನುಮತಿ ಸಾಲದೆ ಕೂಲಿಯನ್ನೂ ಗೊತ್ತುಮಾಡಿದ!

ಆದರೂ ಶಾಯೆನ್ ಎಂಬ ಮೂಲನಿವಾಸಿ ಬುಡಕಟ್ಟಿನ ಮುಖಂಡ ಬ್ಲ್ಯಾಕ್ ಕೆಟಲ್ ಸೆಪ್ಟೆಂಬರ್‌ನಲ್ಲಿ ಡೆನ್ವರ್‌ಗೇ ಬಂದು ಶಾಂತಿ ಕೇಳಿದ. ಆ ದಿನದ ಒಂದು ಫೋಟೋ ಇದೆ. ಮುಖಂಡರು ಸಾಲಾಗಿ ಕೂತಿದ್ದಾರೆ, ಮುಂದೆ ಇಬ್ಬರು ಸೈನ್ಯಾಧಿಕಾರಿಗಳು ಮಂಡಿಯೂರಿದ್ದಾರೆ. ನಾನು ಎಷ್ಟು ಸಲ ದಿಟ್ಟಿಸಿದ್ದೇನೋ. ಇವಾನ್ಸ್ ಮಾತ್ರ, ಅದು ಸೈನ್ಯದ ಕೆಲಸ ಎಂದು ಕೈತೊಳೆದುಕೊಂಡ.

ನವೆಂಬರ್ 29ರ ಬೆಳಗ್ಗೆ ಕರ್ನಲ್ ಶಿವಿಂಗ್ಟನ್ನನ ಪಡೆ ಸ್ಯಾಂಡ್ ಕ್ರೀಕ್ ಎಂಬಲ್ಲಿದ್ದ ಅವನ ಜನರ ಬಿಡಾರದ ಮೇಲೆ ಬಿತ್ತು. ಬ್ಲ್ಯಾಕ್ ಕೆಟಲ್ ಅಮೆರಿಕದ ಬಾವುಟವನ್ನೂ ಬಿಳಿ ಬಾವುಟವನ್ನೂ ಏರಿಸಿದ್ದ. ಸತ್ತವರು ಸುಮಾರು 230, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು.

ಇವಾನ್ಸ್ ಆ ದಿನ ಅಲ್ಲಿರಲಿಲ್ಲ, ದೂರದಲ್ಲಿ, ಅಮೆರಿಕದ ಪೂರ್ವ ಭಾಗದಲ್ಲಿದ್ದ. ಅವನ ಪರ ಮಾತಾಡುವವರು ಇದನ್ನೇ ಎತ್ತುತ್ತಾರೆ. ನಾನು ಒಪ್ಪುವುದಿಲ್ಲ. ಆ ಆಜ್ಞೆಯ ಕೆಳಗಿದ್ದದ್ದು ಯಾರ ಸಹಿ? 1865ರಲ್ಲಿ ರಾಜೀನಾಮೆ ಕೊಡಬೇಕಾಯಿತು, ಸರಿ. ಆದರೆ 1884ರಲ್ಲೂ, ಆ ಹತ್ಯಾಕಾಂಡದಿಂದ ಕೊಲರಾಡೋಗೆ ಒಳ್ಳೆಯದೇ ಆಯಿತು ಎಂದ. ಡೆನ್ವರ್‌ಗೆ ರೈಲು ತಂದು ದೊಡ್ಡಮನುಷ್ಯನಾದ. ಬದುಕಿರುವಾಗಲೇ, 1895ರಲ್ಲಿ, ಬೆಟ್ಟಕ್ಕೆ ಅವನ ಹೆಸರಿಟ್ಟರು. ಆ ಆಜ್ಞೆಯನ್ನು ಅಧಿಕೃತವಾಗಿ ರದ್ದು ಮಾಡಿದ್ದು ಯಾವಾಗ ಗೊತ್ತಾ? 2021ರಲ್ಲಿ.

ಆ ಫೋಟೋದಲ್ಲಿ ಮಂಡಿಯೂರಿದವರಲ್ಲಿ ಒಬ್ಬ ಸೈಲಸ್ ಸೋಲ್. ಸ್ಯಾಂಡ್ ಕ್ರೀಕ್‌ನಲ್ಲಿ ಗುಂಡು ಹಾರಿಸಲು ತನ್ನ ತುಕಡಿಗೆ ಆಜ್ಞೆ ಕೊಡಲಿಲ್ಲ, ಆಮೇಲೆ ವಿಚಾರಣೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ, ಡೆನ್ವರ್‌ನ ಬೀದಿಯಲ್ಲೇ ಅವನನ್ನು ಗುಂಡಿಟ್ಟು ಕೊಂದರು. ಅವನ ಸಮಾಧಿ ನಿನ್ನೂರಲ್ಲೇ ಇದೆ, ರಿವರ್‌ಸೈಡ್ ಸ್ಮಶಾನದಲ್ಲಿ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿ, ನನ್ನ ಲೆಕ್ಕದಲ್ಲೂ ಒಂದು ಹೂವಿಟ್ಟು ಬಾ.

ನಿನ್ನ ಗೆಳೆಯ