ಹೆಲಿಕಾಪ್ಟರಿನಲ್ಲಿದ್ದ ಎಲ್ಲರ ಹೆಸರೂ ಪತ್ರಿಕೆಯಲ್ಲಿ ಬರಲಿ

ಮಾನ್ಯ ಸಂಪಾದಕರೇ,

2022ರ ಫೆಬ್ರವರಿ 20ರ ಭಾನುವಾರ ನಂದಿಬೆಟ್ಟದ ಕಡಿದಾದ ಬಂಡೆಯಲ್ಲಿ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಸಿಲುಕಿಕೊಂಡಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬನನ್ನು, ಜಿಲ್ಲಾಧಿಕಾರಿಗಳ ಕೋರಿಕೆಯ ಮೇರೆಗೆ ಯಲಹಂಕ ವಾಯುನೆಲೆಯಿಂದ ಬಂದ ಎಂಐ-17 ಹೆಲಿಕಾಪ್ಟರ್ ಮೇಲೆತ್ತಿಕೊಂಡು ಹೋದದ್ದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಜನ ಇಂದಿಗೂ ಹೇಳಿಕೊಳ್ಳುವ ಮಾತು. ಆ ವಾರವೆಲ್ಲ ನಂದಿ ಕ್ರಾಸಿನ ಟೀ ಅಂಗಡಿಯಲ್ಲಿ ಅದೇ ಸುದ್ದಿ. "ಆ ಪೈಲಟ್ಟು ಗಟ್ಟಿಗ ಕಣಪ್ಪ" ಎಂದು ಎಲ್ಲರೂ ಮೆಚ್ಚಿ ಮಾತಾಡುತ್ತಿದ್ದರು. ಆ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಉಕ್ಕಿನ ತಂತಿಗೆ ಜೋತುಬಿದ್ದು ಬಂಡೆಯ ಮೇಲೆ ಆ ಹುಡುಗನ ಪಕ್ಕಕ್ಕೆ ಇಳಿದವರು ಪೈಲಟ್ ಅಲ್ಲ, ಹೆಲಿಕಾಪ್ಟರಿನ ಹಿಂಭಾಗದ ಕೆಲಸ ನೋಡಿಕೊಳ್ಳುವ ಫ್ಲೈಟ್ ಗನ್ನರ್. ಅವರು ಯಾರು, ಅವರ ಹೆಸರೇನು ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ.

ನಾನು ವಾಯುಪಡೆಯ ಹೆಲಿಕಾಪ್ಟರ್ ಯೂನಿಟ್‌ಗಳಲ್ಲಿ ಇಪ್ಪತ್ತು ವರ್ಷ ಎಂಜಿನ್ ಫಿಟ್ಟರ್ ಆಗಿ ಕೆಲಸ ಮಾಡಿ ಸಾರ್ಜೆಂಟ್ ಹುದ್ದೆಯಿಂದ ನಿವೃತ್ತನಾದವನು. ಸೇನೆಯ ಹೆಲಿಕಾಪ್ಟರುಗಳ ಬಗ್ಗೆ ಸುದ್ದಿ ಬರೆಯುವಾಗ ನಮ್ಮ ಪತ್ರಿಕೆಗಳು ಪೈಲಟ್‌ಗಳ ಹೆಸರನ್ನು ಬರೆದು ಉಳಿದವರನ್ನು "ಇತರ ಸಿಬ್ಬಂದಿ" ಎಂಬ ಎರಡು ಪದಗಳಲ್ಲಿ ಮುಗಿಸುವ ಪದ್ಧತಿಯ ಬಗ್ಗೆ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ನೋವನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಎಂಐ-17ರಲ್ಲಿ ಇಬ್ಬರು ಪೈಲಟ್‌ಗಳು, ಅವರಿಬ್ಬರ ನಡುವೆ ತುಸು ಹಿಂದಕ್ಕೆ ಕುಳಿತು ಎಂಜಿನ್ನುಗಳ ಮೇಲೆ ಕಣ್ಣಿಟ್ಟಿರುವ ಫ್ಲೈಟ್ ಎಂಜಿನಿಯರ್ ಮತ್ತು ಹಿಂಭಾಗದ ಹೊಣೆ ಹೊತ್ತ ಫ್ಲೈಟ್ ಗನ್ನರ್ ಇರುತ್ತಾರೆ. ನಮ್ಮ ಭಾಷೆಯಲ್ಲಿ ಇವರೆಲ್ಲ ಸೇರಿ ಒಂದು "ಕ್ರೂ". ಬೆಟ್ಟದ ಮಗ್ಗುಲಲ್ಲಿ ಹೆಲಿಕಾಪ್ಟರನ್ನು ಗಾಳಿಯಲ್ಲಿ ನಿಲ್ಲಿಸಿದಾಗ ತನ್ನ ಕಾಲಡಿಯಲ್ಲಿ ಏನಿದೆ ಎಂಬುದು ಪೈಲಟ್‌ಗೆ ಕಾಣುವುದಿಲ್ಲ. ಬಾಗಿಲಲ್ಲಿ ಹೊಟ್ಟೆಯಡಿ ಮಲಗಿ ತಲೆ ಹೊರಚಾಚಿರುವವನು ಹೆಡ್‌ಸೆಟ್‌ನಲ್ಲಿ "ಎಡಕ್ಕೆ ಎರಡು ಮೀಟರ್, ಇನ್ನೊಂದು, ಹಾಗೇ ನಿಲ್ಲಿ" ಎಂದು ಹೇಳುತ್ತ ಹೋಗುತ್ತಾನೆ. ರೆಕ್ಕೆಯ ತುದಿಗೂ ಬಂಡೆಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂಬುದನ್ನು ನೋಡಿ ಹೇಳುವವನೂ ಅವನೇ. ಹಾರುತ್ತಿರುವ ಹೆಲಿಕಾಪ್ಟರಿನ ಮೈಯಲ್ಲಿ ಸ್ಥಿರ ವಿದ್ಯುತ್ ತುಂಬಿಕೊಳ್ಳುವುದರಿಂದ ಕೆಳಗಿಳಿಸಿದ ಕೊಕ್ಕೆ ಮೊದಲು ನೆಲಕ್ಕೋ ಬಂಡೆಗೋ ತಾಗಬೇಕು. ಅದಕ್ಕೆ ಮುಂಚೆ ಕೆಳಗಿರುವವರು ಅದನ್ನು ಹಿಡಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ಇಂಥ ಸಣ್ಣಪುಟ್ಟ ವಿಷಯಗಳನ್ನೆಲ್ಲ ಆ ಗಾಳಿ, ಧೂಳು, ಸದ್ದಿನ ನಡುವೆ ನೆನಪಿಟ್ಟುಕೊಳ್ಳುವವನು ಬಾಗಿಲಲ್ಲಿರುವವನು. ಅಷ್ಟು ಹೊತ್ತು ವಿಂಗ್ ಕಮಾಂಡರ್ ದರ್ಜೆಯ ಅಧಿಕಾರಿಯೂ ತಮಗಿಂತ ಎಷ್ಟೋ ಕೆಳಗಿನ ದರ್ಜೆಯ ಸಾರ್ಜೆಂಟ್ ಹೇಳಿದಂತೆಯೇ ಹೆಲಿಕಾಪ್ಟರನ್ನು ನಡೆಸುತ್ತಾರೆ, ಅದರಲ್ಲಿ ಯಾರಿಗೂ ಯಾವ ಸಂಕೋಚವೂ ಇರುವುದಿಲ್ಲ.

ಹೆಲಿಕಾಪ್ಟರ್ ಯೂನಿಟ್‌ನ ಆಚಾರಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ. ಪ್ರತಿ ಹಾರಾಟಕ್ಕೆ ಮುನ್ನ ಎಂಜಿನ್, ವಿದ್ಯುತ್, ರೇಡಿಯೋ ಹೀಗೆ ಒಂದೊಂದು ವಿಭಾಗದವರೂ ತಮ್ಮ ತಪಾಸಣೆ ಮುಗಿಸಿ "ಸೆವೆನ್ ಹಂಡ್ರೆಡ್" ಎಂದು ನಾವು ಕರೆಯುವ ದಾಖಲೆ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಅವೆಲ್ಲದರ ಕೆಳಗೆ ಕೊನೆಯದಾಗಿ ಕ್ಯಾಪ್ಟನ್, ಅಂದರೆ ಆ ಹಾರಾಟದ ಮುಖ್ಯ ಪೈಲಟ್, ಸಹಿ ಮಾಡಿದ ಮೇಲೆಯೇ ಹೆಲಿಕಾಪ್ಟರ್ ಅವರದಾಗುತ್ತದೆ. ನನ್ನ ಮೊದಲ ಸಹಿಯ ದಿನ ಕೈ ನಡುಗಿತ್ತು. ಆ ಪುಟವನ್ನು ಓದಿದ ಕ್ಯಾಪ್ಟನ್ ಏನೂ ಕೇಳದೆ ನನ್ನ ಮುಖವನ್ನೊಮ್ಮೆ ನೋಡಿ ತಮ್ಮ ಸಹಿ ಹಾಕಿ ನಡೆದರು. ಆ ಹೆಲಿಕಾಪ್ಟರ್ ಮರಳಿ ಇಳಿಯುವವರೆಗೆ ನಾನು ಹ್ಯಾಂಗರಿನ ಬಾಗಿಲು ಬಿಟ್ಟು ಅಲುಗಲಿಲ್ಲ. ಯೂನಿಟ್‌ನವರೆಲ್ಲ ಒಟ್ಟಿಗೆ ಉಣ್ಣುವ ಬಡಾಖಾನಾದ ದಿನ ಅಧಿಕಾರಿಗಳೇ ಸೌಟು ಹಿಡಿದು ಸೈನಿಕರಿಗೆ ಬಡಿಸುತ್ತಾರೆ. ಆಯುಧಪೂಜೆಗೆ ಹ್ಯಾಂಗರಿನಲ್ಲಿ ಸ್ಪ್ಯಾನರುಗಳಿಗೂ ಹೆಲಿಕಾಪ್ಟರಿಗೂ ಕುಂಕುಮ ಹಚ್ಚಿ ನಮ್ಮೂರಿನ ಸೇವಂತಿಗೆ ಹಾರ ಹಾಕಿದ ವರ್ಷವನ್ನು ನಾನು ಮರೆಯಲಾರೆ. ರಜೆ ಮುಗಿಸಿ ಹೊರಟಾಗ ಅಮ್ಮ ಚೀಲದಲ್ಲಿ ಕಟ್ಟಿಕೊಟ್ಟಿದ್ದ ಹೂವು ಅದು.

ಕೊನೆಯ ಹಾರಾಟದ ಪದ್ಧತಿಯನ್ನು ಹೇಳದೆ ಮುಂದೆ ಹೋಗಲಾರೆ. ಸೇವೆಯ ಕೊನೆಯ ಸಾರ್ಟಿ ಮುಗಿಸಿ ಇಳಿದವರಿಗೆ ಯೂನಿಟ್‌ನವರೆಲ್ಲ ಸೇರಿ ಹಾರ ಹಾಕಿ ತಲೆಯ ಮೇಲೆ ನೀರು ಸುರಿಯುತ್ತಾರೆ. ನಮ್ಮ ಯೂನಿಟ್‌ನ ಹಿರಿಯ ಫ್ಲೈಟ್ ಎಂಜಿನಿಯರ್ ಒಬ್ಬರು ಹಾಗೆ ಇಳಿದಾಗ ಅವರ ಹೆಂಡತಿ ಮತ್ತು ಮಗಳು ಟಾರ್ಮ್ಯಾಕ್‌ನಲ್ಲಿ ಕಾಯುತ್ತಿದ್ದರು. ಕಮಾಂಡಿಂಗ್ ಆಫೀಸರ್ ಸ್ವತಃ ಹಾರ ಹಾಕಿದರು, ಎಲ್ಲರಿಗಿಂತ ಕಿರಿಯ ಹುಡುಗ ಬಕೆಟ್ಟಿನಿಂದ ನೀರು ಸುರಿದ. ಅವರು ತೊಯ್ದ ಓವರಾಲಿನಲ್ಲೇ ಹಿಂದಿರುಗಿ ಹೋಗಿ, ಇನ್ನೂ ಬಿಸಿಯಾಗಿದ್ದ ಹೆಲಿಕಾಪ್ಟರಿನ ಮೈಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಪೈಲಟ್‌ಗೊಂದು ವಿದಾಯ, ಎಂಜಿನಿಯರ್‌ಗೊಂದು ವಿದಾಯ ಎಂಬ ಭೇದ ಅಲ್ಲಿಲ್ಲ.

ಸಿಯಾಚಿನ್‌ನಲ್ಲಿ 1984ರ ಏಪ್ರಿಲ್ 13ರಂದು ನಮ್ಮ ಸೈನಿಕರನ್ನು ಹಿಮದ ಮೇಲೆ ಇಳಿಸಿದ ಚೀತಾ ಹೆಲಿಕಾಪ್ಟರುಗಳ ಕಾಲದಿಂದಲೂ ಅಲ್ಲಿ ಜೋಡಿಯಾಗಿ ಹಾರುವ ರೂಢಿಯಿದೆ, ಒಂದಕ್ಕೆ ಏನಾದರೂ ಆದರೆ ಇನ್ನೊಂದು ನೋಡುತ್ತಿರಬೇಕು ಎಂಬುದೇ ಅದರ ಹಿಂದಿನ ಕಾರಣ. ಮೇಲಿನ ಠಾಣೆಗಳಿಗೆ ಹೋಗುವವರು ಬೇಸ್ ಕ್ಯಾಂಪಿನಲ್ಲಿರುವ, ಸೈನಿಕರು ತಮ್ಮನ್ನು ಕಾಯುವ ದೈವವೆಂದು ನಂಬುವ ಓಪಿ ಬಾಬಾ ಗುಡಿಯಲ್ಲಿ ಮೊದಲು ವರದಿ ಒಪ್ಪಿಸುತ್ತಾರೆ, ಇಳಿದು ಬಂದ ಮೇಲೂ ಒಪ್ಪಿಸುತ್ತಾರೆ.

ತೀರಿಹೋದವರನ್ನು ನೆನೆಯುವಾಗಲೂ ಹೆಲಿಕಾಪ್ಟರಿನವರು ಇಡೀ ಕ್ರೂವನ್ನು ಒಟ್ಟಿಗೇ ನೆನೆಯುತ್ತಾರೆ. ಕಾರ್ಗಿಲ್ ಯುದ್ಧದಲ್ಲಿ 1999ರ ಮೇ 28ರಂದು ತೋಲೋಲಿಂಗ್ ಬಳಿ ಶತ್ರುಗಳ ಕ್ಷಿಪಣಿಗೆ ಬಲಿಯಾದ ಎಂಐ-17ರ ವಿಷಯ ಬಂದಾಗ ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ರಾಜ್ ಕಿಶೋರ್ ಸಾಹು ಎಂಬ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ವಾಡಿಕೆ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಪತನವಾದಾಗ ವಿಂಗ್ ಕಮಾಂಡರ್ ಪಿ.ಎಸ್. ಚೌಹಾಣ್ ಮತ್ತು ಸ್ಕ್ವಾಡ್ರನ್ ಲೀಡರ್ ಕುಲದೀಪ್ ಸಿಂಗ್ ಅವರ ಜೊತೆಯಲ್ಲೇ ಕಿರಿಯ ವಾರಂಟ್ ಆಫೀಸರ್‌ಗಳಾದ ರಾಣಾ ಪ್ರತಾಪ್ ದಾಸ್ ಮತ್ತು ಎ. ಪ್ರದೀಪ್ ತೀರಿಕೊಂಡರು. ಈ ಪ್ರದೀಪ್ ಅವರು 2018ರ ಕೇರಳದ ಪ್ರವಾಹದಲ್ಲಿ ಜನರನ್ನು ರಕ್ಷಿಸುವ ಕೆಲಸದಲ್ಲಿ ಭಾಗಿಯಾಗಿದ್ದ ಫ್ಲೈಟ್ ಗನ್ನರ್.

ನನ್ನ ಜೊತೆ ಒಂದೇ ಬ್ಯಾರಕ್‌ನಲ್ಲಿ ಮಲಗಿದ್ದ ಗೆಳೆಯನೊಬ್ಬ ಈಶಾನ್ಯದಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದ. ತಿಂಗಳ ಮೇಲೆ ಅವನ ಮನೆಗೆ ಹೋದಾಗ ಅವನ ತಾಯಿ ಟ್ರಂಕಿನಿಂದ ಪತ್ರಿಕೆಯ ಒಂದು ತುಂಡನ್ನು ತೆಗೆದು ತೋರಿಸಿದರು. ಅದರಲ್ಲಿ ಅವನ ಹೆಸರಿರಲಿಲ್ಲ, "ಇಬ್ಬರು ಪೈಲಟ್‌ಗಳು ಹಾಗೂ ಇತರರು" ಎಂದಷ್ಟೇ ಇತ್ತು. ಆ "ಇತರರು" ಎಂಬ ಪದದ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದಿತ್ತು. "ಇಲ್ಲೇ ಐತಂತಪ್ಪ ನನ್ ಮಗಂದು" ಎಂದು ಆ ತಾಯಿ ಬೆರಳಿಟ್ಟು ತೋರಿಸಿದರು. ಯಾರೋ ಓದಿ ಹೇಳಿ ಗೆರೆ ಎಳೆದುಕೊಟ್ಟಿದ್ದಿರಬೇಕು, ಅವರಿಗೆ ಓದಲು ಬರುತ್ತಿರಲಿಲ್ಲ. ಬರೆದವರ ಮೇಲೆ ನನಗೆ ಕೋಪವಿಲ್ಲ, ಬೇಗ ಅಚ್ಚಿಗೆ ಹೋಗಬೇಕಾದ ಸುದ್ದಿಯಲ್ಲಿ ಹಾಗಾಗುತ್ತದೆ ಎಂಬುದನ್ನು ಬಲ್ಲೆ. ಆದರೆ ಮರುದಿನವೋ ಮೂರನೆಯ ದಿನವೋ ಆ ಹೆಸರು ಬರಬಹುದಿತ್ತು, ಬರಲಿಲ್ಲ.

ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ನಮ್ಮ ಬಯಲುಸೀಮೆಯ ಐಟಿಐಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ನಾಳೆ ಹೆಲಿಕಾಪ್ಟರ್ ಕಟ್ಟುವ, ಇಲ್ಲವೇ ಅದನ್ನು ಸುಸ್ಥಿತಿಯಲ್ಲಿಡುವ ಕೆಲಸಕ್ಕೆ ಹೋಗುತ್ತಾರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವನ್ನು ಪ್ರತಿ ಸೆಪ್ಟೆಂಬರ್ 15ರಂದು ಅಷ್ಟು ಅಭಿಮಾನದಿಂದ ಆಚರಿಸುವ ಜಿಲ್ಲೆ ನಮ್ಮದು. ತಾಂತ್ರಿಕ ಕೆಲಸ ಮಾಡಿದವರ ಹೆಸರನ್ನು ಬಿಟ್ಟು ಬರೆಯುವ ಪದ್ಧತಿ ಇಲ್ಲಿನ ಓದುಗರಿಗೆ ಒಪ್ಪಿಗೆಯಾಗಲಾರದು ಎಂದು ನಾನು ನಂಬಿದ್ದೇನೆ.

ಆದ್ದರಿಂದ ಸೇನೆಯ ಹೆಲಿಕಾಪ್ಟರ್ ಒಂದು ಜೀವ ಉಳಿಸಿದಾಗಲಾಗಲಿ, ಅಪಘಾತಕ್ಕೆ ಸಿಕ್ಕಾಗಲಾಗಲಿ, ರಕ್ಷಣಾ ಇಲಾಖೆಯ ಸಾರ್ವಜನಿಕ ಸಂಪರ್ಕಾಧಿಕಾರಿಗಳನ್ನು ಕೇಳಿ, ಅವರು ಕೊಡುವಷ್ಟೂ ಹೆಸರುಗಳನ್ನು ಹುದ್ದೆ ಹಾಗೂ ಕೆಲಸದ ಸಮೇತ ಪ್ರಕಟಿಸಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ದಿನ ಹೆಸರು ಸಿಗದಿದ್ದರೆ ಸಿಕ್ಕ ದಿನ ಪ್ರಕಟಿಸಿದರೂ ಸಾಕು. ಸಾವಿನ ಸುದ್ದಿಯಾದರೆ ಇನ್ನೂ ಒಂದು ಕೋರಿಕೆಯಿದೆ: ಯೂನಿಟ್‌ನವರು ಮನೆಯವರನ್ನು ಖುದ್ದಾಗಿ ಕಂಡು ತಿಳಿಸುವವರೆಗೆ ಯಾವ ಹೆಸರನ್ನೂ ಅಚ್ಚು ಹಾಕಬೇಡಿ. ತಿಳಿಸಿದ ಮೇಲೆ ಒಂದನ್ನೂ ಬಿಡಬೇಡಿ.

ಇಂತಿ ತಮ್ಮ ಓದುಗ,
ವಾಯುಪಡೆಯ ನಿವೃತ್ತ ಸಾರ್ಜೆಂಟ್,
ಚಿಕ್ಕಬಳ್ಳಾಪುರ ತಾಲ್ಲೂಕು