ಮಗಳಿಗೊಂದು ಪತ್ರ: ಅಜ್ಜಿಯನ್ನು ನಾವು ಕೇಳಲೇ ಇಲ್ಲ

ಹನುಮಂತನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ, ನಾಳೆ ನಮ್ಮ ಕೈಲಾಗದೆ ಹೋದರೆ ಹೇಗೆ ನೋಡಿಕೊಳ್ಳಬೇಕು ಅನ್ನೋ ವಿಷಯ ತೆಗೆದಾಗ "ಬಿಡಮ್ಮಾ, ಈಗ್ಯಾಕೆ ಅದೆಲ್ಲ" ಅಂತ ಮಾತು ಬದಲಿಸಿದೆ. ನಿನ್ನ ತಪ್ಪಲ್ಲ. ಅಜ್ಜಿ ಚೆನ್ನಾಗಿದ್ದಾಗ ಅಪ್ಪನೂ ನಾನೂ ಮಾಡಿದ್ದು ಇದನ್ನೇ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನನಗೀಗ 63, ಅಪ್ಪನಿಗೆ 68. ಇಬ್ಬರಿಗೂ ಶುಗರ್ ಇದೆ, ಅಪ್ಪನಿಗೆ ಮಂಡಿ ನೋವು. ಕೈಕಾಲು ಆಡುತ್ತಿದೆ, ತಲೆ ನೆಟ್ಟಗಿದೆ. ಮಾತಾಡೋದಾದರೆ ಈಗಲೇ ಆಡಬೇಕು.

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದು 2016ರಲ್ಲಿ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ವಾಕರ್ ಹಿಡಿದು ನಡೆದರು ಕೂಡ. ಆಮೇಲೆ ಮರೆವು ಜಾಸ್ತಿ ಆಯಿತು. ವಯಸ್ಸಾಯ್ತಲ್ಲ, ಇದ್ದದ್ದೇ ಅಂತ ಒಂದೂವರೆ ವರ್ಷ ಸುಮ್ನಿದ್ದೆವು. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅಪ್ಪನನ್ನು ತಮ್ಮ ಅಣ್ಣ ಅಂದುಕೊಳ್ಳುತ್ತಿದ್ದರು. ಡಿಮೆನ್ಶಿಯಾ ಅನ್ನೋ ಪದ ನಮ್ಮ ಮನೆಗೆ ಬಂದಿದ್ದು ಅವತ್ತು.

ಕೊನೆಕೊನೆಗೆ ಬೆಡ್‌ಶೀಟಿನ ಅಂಚು ಹಿಡಿದು ಹೂ ಕಟ್ಟುತ್ತಿದ್ದರು, ನೆನಪಿದೆಯಾ? ಎಡಗೈ ಬೆರಳುಗಳ ನಡುವೆ ಇಲ್ಲದ ಮೊಗ್ಗು, ಬಲಗೈಯಲ್ಲಿ ಇಲ್ಲದ ದಾರ. ಸುತ್ತಿ, ಗಂಟು ಎಳೆದು, ಮತ್ತೊಂದು ಮೊಗ್ಗು. ಒಂದು ಮೊಳ ಆಗುವಷ್ಟು ಹೊತ್ತಾದ ಮೇಲೆ ನನ್ನ ತಲೆ ಕಡೆ ಕೈ ಚಾಚುತ್ತಿದ್ದರು. ನಾನು ಬಗ್ಗಿ ತಲೆ ಕೊಡುತ್ತಿದ್ದೆ. ನನ್ನ ಹೆಸರು ಮರೆತಿದ್ದರು, ನಾನು ಸೊಸೆ ಅನ್ನೋದೂ ಮರೆತಿದ್ದರು. ಆ ಕೈ ಮಾತ್ರ ಮುಡಿ ಎಲ್ಲಿದೆ ಅಂತ ಹುಡುಕಿಕೊಂಡು ಬರುತ್ತಿತ್ತು.

ಹಣದ ಕಷ್ಟ ನಿನಗೆ ಗೊತ್ತಾಗದ ಹಾಗೆ ನೋಡಿಕೊಂಡೆವು. ಈಗ ಹೇಳುತ್ತೇನೆ. ಅಜ್ಜಿ ಹೆಸರಲ್ಲಿ ಎಫ್‌ಡಿ ಇತ್ತು, ಅವರೊಬ್ಬರ ಹೆಸರಲ್ಲೇ. ಚಲನ್ ಮುಂದಿಟ್ಟರೆ ಹೆಸರಿನ ಮೊದಲಕ್ಷರ ಬರೆದು ಪೆನ್ನು ಹಿಡಿದುಕೊಂಡೇ ಕೂತುಬಿಟ್ಟರು. ಅವರ ದುಡ್ಡು, ಅವರ ಚಿಕಿತ್ಸೆಗೆ ಬೇಕು, ತೆಗೆಯೋಕಾಗಲಿಲ್ಲ. ಅವರ ಪರವಾಗಿ ನಾವು ಸಹಿ ಹಾಕೋಕೆ ಪವರ್ ಆಫ್ ಅಟಾರ್ನಿ ಮಾಡಿಸೋಣ ಅಂತ ಹೋದರೆ ವಕೀಲರು ತಲೆ ಅಲ್ಲಾಡಿಸಿದರು. ಬರೆದುಕೊಡುವವರಿಗೆ ಬುದ್ಧಿ ಸ್ವಾಧೀನದಲ್ಲಿರಬೇಕು. ಮೊದಲೇ ಬರೆದಿಟ್ಟಿದ್ದರೂ ಬುದ್ಧಿ ತಪ್ಪಿದ ಮೇಲೆ ಅದು ನಡೆಯೋದಿಲ್ಲವಂತೆ. ಅದಕ್ಕೇ ಹೋದ ವರ್ಷ ನಮ್ಮ ಖಾತೆಗಳಿಗೆಲ್ಲ ನಿನ್ನನ್ನೋ ಅಣ್ಣನನ್ನೋ ಜೊತೆಗೆ ಸೇರಿಸಿದ್ದು. ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನಡೆಯುತ್ತದೆ.

ಇನ್ನೊಂದು. ಆಸ್ಪತ್ರೆಗೆ ಸೇರಿದರೆ ವಿಮೆ ಇದೆ. ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಳ್ಳೋಕೆ ನಮ್ಮ ವಿಮೆಯಿಂದ ಒಂದು ಪೈಸೆಯೂ ಬರೋದಿಲ್ಲ. ಡೈಪರ್, ಏರ್ ಬೆಡ್, ಫಿಸಿಯೋ, ಹೋಮ್ ನರ್ಸ್ ಎಲ್ಲ ಕೈಯಿಂದಲೇ. ಆ ಖರ್ಚಿಗೆ ಅಂತಲೇ ಒಂದು ಎಫ್‌ಡಿ ಬೇರೆ ಇಟ್ಟಿದ್ದೇವೆ. ಬೇರೆ ಯಾವುದಕ್ಕೂ ಮುರಿಯಬೇಡಿ. ಮನೆಯನ್ನು ಈಗಲೇ ನಿಮ್ಮಿಬ್ಬರ ಹೆಸರಿಗೆ ಬರೆಯೋದಿಲ್ಲ, ವಿಲ್ ಮಾಡಿದ್ದೇವೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಂದುಕೋಬೇಡ. ನೋಡಿಕೊಳ್ಳುತ್ತೇವೆ ಅಂತ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ದಾನಪತ್ರ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇದೆ. ಹೆತ್ತವರು ಮಕ್ಕಳ ಮೇಲೆ ಅಲ್ಲಿಗೆ ಹೋಗಬೇಕಾದ ದಿನ ಯಾರ ಮನೆಗೂ ಬರಬಾರದು.

ಈಗ ನಿನ್ನ ವಿಷಯ. ನೀನು ವೈಟ್‌ಫೀಲ್ಡ್‌ನಲ್ಲಿ, ಅಣ್ಣ ಕೆನಡಾದಲ್ಲಿ. ಒಂದೇ ಊರಿನಲ್ಲಿರೋದು ನೀನು, ಅದರ ಮೇಲೆ ಹೆಣ್ಣು ಮಗಳು. ಎಲ್ಲ ನಿನ್ನ ತಲೆ ಮೇಲೇ ಬೀಳುತ್ತದೆ, ನನಗೆ ಗೊತ್ತು. ಇನ್ನೂ ನಾಲ್ಕು ವರ್ಷ ಸರ್ವೀಸ್ ಇರುವಾಗಲೇ ನಾನು ಸ್ಕೂಲಿನ ಕೆಲಸ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ಯಾರೂ ಬಿಡಬೇಡ ಅಂತಲೂ ಅನ್ನಲಿಲ್ಲ. ಏಜೆನ್ಸಿಯವರು ಕಳಿಸಿದ ಹುಡುಗಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಹೇಳದೆ ಹೋದಳು. ಬೇರೆಯವರು ಬರೋಕೆ ಹನ್ನೊಂದು ದಿನ ಹಿಡಿಯಿತು. ಎರಡೆರಡು ಗಂಟೆಗೆ ಅಜ್ಜಿಯನ್ನು ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ. ಒಂದು ರಾತ್ರಿ ಎಚ್ಚರವಾಗಲಿಲ್ಲ. ಬೆಳಿಗ್ಗೆ ನೋಡಿದರೆ ಸೊಂಟದ ಕೆಳಗೆ ರೂಪಾಯಿ ಅಗಲ ಚರ್ಮ ಕೆಂಪಾಗಿತ್ತು. ಅದು ಒಣಗೋಕೆ ಎರಡು ತಿಂಗಳು ಬೇಕಾಯಿತು. ಆಗ ಅಜ್ಜಿ ಮೇಲೆ ನಾನು ಕಿರುಚಿದ್ದೂ ಉಂಟು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಊಟ ಸೇರೋದಿಲ್ಲ.

ನೀನು ಕೆಲಸ ಬಿಡಬೇಡ. ನಮ್ಮಿಬ್ಬರಲ್ಲಿ ಒಬ್ಬರಿಗೆ ಹಾಗಾದರೆ, ಮನೆಯಲ್ಲಿ ನಿಭಾಯಿಸೋಕೆ ಆಗಲ್ಲ ಅನ್ನಿಸಿದ ದಿನವೇ ಒಳ್ಳೆ ಕಡೆ ಸೇರಿಸು. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನವರ ಡಿಮೆನ್ಶಿಯಾ ಕೇಂದ್ರ ಇದೆ, ಮೊದಲು ಅಂಥದ್ದನ್ನು ಹೋಗಿ ನೋಡು. ನೆಂಟರು ಏನಾದರೂ ಅಂದರೆ ಈ ಪತ್ರ ತೋರಿಸು. ಅಣ್ಣ ದೂರ ಇದ್ದಾನೆ ಅಂತ ಬಿಟ್ಟುಬಿಡಬೇಡ. ದುಡ್ಡು ಹೊಂದಿಸೋದು, ಏಜೆನ್ಸಿ ಜೊತೆ ಮಾತಾಡೋದು ಅವನ ಪಾಲು. ವರ್ಷಕ್ಕೆ ಒಂದು ತಿಂಗಳು ಬಂದು ಇರಬೇಕು, ಆಗ ನೀನು ಎಲ್ಲಾದರೂ ಹೋಗಿ ಬಾ. ಅವನಿಗೂ ಬರೆದಿದ್ದೇನೆ.

ಇನ್ನು ನನ್ನನ್ನು ಹೆಚ್ಚು ಕಾಡೋ ವಿಷಯ. ಅಜ್ಜಿ ನುಂಗೋದು ನಿಲ್ಲಿಸಿದಾಗ ಡಾಕ್ಟರು ಮೂಗಿಗೆ ಟ್ಯೂಬ್ ಹಾಕಲಾ ಅಂತ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಹಾಕಿ ಅಂದೆವು. ಹದಿನಾಲ್ಕು ತಿಂಗಳು ಅದರಲ್ಲೇ ಗಂಜಿ ಹೋಯಿತು. ಕಿತ್ತು ಹಾಕುತ್ತಾರೆ ಅಂತ ಕೈಗೆ ಬಟ್ಟೆ ಸುತ್ತಿ ಕಟ್ಟಿದೆವು. ಹೂ ಕಟ್ಟೋದು ಅಲ್ಲಿಗೆ ನಿಂತಿತು. 2022ರಲ್ಲಿ ಹೋಗುವ ತನಕ ಆ ಕೈ ಬಿಚ್ಚಲಿಲ್ಲ. ನಮಗೆ ಹಾಗೆ ಮಾಡೋ ಹಕ್ಕಿತ್ತೋ ಇಲ್ಲವೋ ಗೊತ್ತಿಲ್ಲ. ಅವರಿಗೆ ಏನು ಬೇಕಿತ್ತು ಅಂತ ಚೆನ್ನಾಗಿದ್ದಾಗ ಒಂದು ದಿನವೂ ಕೇಳಿರಲಿಲ್ಲ.

ನನ್ನನ್ನು ನೀನು ಊಹೆ ಮಾಡಬೇಕಾಗಿಲ್ಲ. ಜೀವ ಎಳೆಯೋ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಸುಲಭ ಮಾಡಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಸಮಯ ಬಂದಾಗ ಆಸ್ಪತ್ರೆಯಲ್ಲಿ ಡಾಕ್ಟರುಗಳ ಎರಡು ಮಂಡಳಿ ನೋಡಿ ಒಪ್ಪಬೇಕು. ನೀನೊಬ್ಬಳೇ ನಿಂತು ತೀರ್ಮಾನ ಮಾಡೋದಲ್ಲ ಅದು. ಗುಣವಾಗೋ ಕಾಯಿಲೆಯಾದರೆ ಎಲ್ಲ ಚಿಕಿತ್ಸೆಯೂ ಕೊಡಿಸು. ಮತ್ತೆ ನಿನ್ನ ಗುರುತು ಹಿಡಿಯೋದೇ ಇಲ್ಲ ಅಂತ ಆದ ಮೇಲೆ ಟ್ಯೂಬ್ ಬೇಡ, ವೆಂಟಿಲೇಟರ್ ಬೇಡ. ನೋವು ಕಡಿಮೆ ಮಾಡಿಸು, ಬಾಯಿ ಒದ್ದೆ ಮಾಡು, ಪಕ್ಕದಲ್ಲಿ ಕೂರು. ನನ್ನ ಕೈ ಕಟ್ಟಬೇಡ.

ಅಂಥ ಚಿಕಿತ್ಸೆ ಬೇಡ ಅನ್ನೋ ಆ ಪತ್ರ ಟೈಪ್ ಮಾಡಿಸಿ ಇಟ್ಟಿದ್ದೇನೆ, ಸಹಿ ಹಾಕಿಲ್ಲ. ನನ್ನ ಪರವಾಗಿ ಮಾತಾಡುವವರ ಹೆಸರಿನ ಜಾಗ ಖಾಲಿ ಇದೆ. ನೀನು ಹೂಂ ಅನ್ನದೆ ಬರೆಯೋದಿಲ್ಲ. ಈ ಭಾನುವಾರ ಬಾ. ಅಣ್ಣನಿಗೆ ಅಲ್ಲಿ ರಾತ್ರಿ ಆಗುವ ಮೊದಲೇ ವಿಡಿಯೋ ಕಾಲ್ ಮಾಡಿ ಮೂವರೂ ಕೂತು ಓದೋಣ. ಒಪ್ಪಿಗೆಯಾಗದ ಸಾಲಿಗೆ ಪೆನ್ಸಿಲಲ್ಲಿ ಗುರುತು ಹಾಕು. ಬೀರುವಿನ ಕೆಳಗಿನ ಖಾನೆಯಲ್ಲಿ ನೀಲಿ ಫೈಲು, ಅಜ್ಜಿಯ ಹೂವಿನ ಬುಟ್ಟಿ ಪಕ್ಕದಲ್ಲೇ ಇದೆ.

ನಿನ್ನ
ಅಮ್ಮ