ಕಾರ್ಟೂನ್ ತೆಗೆದು ಕುರ್ಚಿ ಹಾಕಿದರು!

ಮಾನ್ಯರೇ,

ಹಳೆಯ ವ್ಯಂಗ್ಯಚಿತ್ರ, ನಗೆಪತ್ರಿಕೆಗಳ ಪ್ರದರ್ಶನ 'ಅಭೂತಪೂರ್ವ ಯಶಸ್ಸು' ಕಂಡಿತು ಎಂಬ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಯಶಸ್ಸು ಯಾರಿಗೆ ಸ್ವಾಮೀ? ಭಾನುವಾರ ಸಂಜೆ ಏಳರವರೆಗೆ ಅಂತ ಬ್ಯಾನರಿನಲ್ಲಿತ್ತು. ಮೊಣಕಾಲು ನೋವಿನ ಹೆಂಡತಿಯನ್ನೂ ಕರೆದುಕೊಂಡು ಸುರತ್ಕಲ್‌ನಲ್ಲಿ ಬಸ್ ಹತ್ತಿ, ಕೂಳೂರು ಸೇತುವೆ ಬಳಿ ಬ್ಲಾಕ್‌ನಲ್ಲಿ ಬೆವರಿಳಿಸಿ, ಲಿಫ್ಟ್ ಕೆಟ್ಟಿದೆ ಅಂತ ಮೆಟ್ಟಿಲು ಹತ್ತಿ ನಾಲ್ಕೂವರೆಗೆ ಹೋದರೆ ಅರ್ಧ ಹಾಲ್ ಖಾಲಿ! ಸಂಜೆ ಯಾರೋ ದೊಡ್ಡವರಿಗೆ ಸನ್ಮಾನವಂತೆ, ಕುರ್ಚಿ ಹಾಕಬೇಕಂತೆ.

ನಾನು ಹೋದದ್ದೇ 'ಕೊರವಂಜಿ' ನೋಡಲು. ಡಾಕ್ಟರಾಗಿದ್ದ ರಾ.ಶಿ. ಅವರು 1942ರಲ್ಲಿ ಶುರು ಮಾಡಿ 1967ರವರೆಗೆ ನಡೆಸಿದ ಪತ್ರಿಕೆ. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವ ಮೊದಲೇ ಅದಕ್ಕೆ ಚಿತ್ರ ಬರೆದವರು. ಅಂಥ ಪತ್ರಿಕೆಯ ಒಂದು ಸಂಚಿಕೆಯನ್ನು, ಪುಟಗಳೆಲ್ಲ ಬೀಡಿ ಎಲೆಯ ಹಾಗೆ ಒಣಗಿದ್ದನ್ನು, ಬೋರ್ಡಿಗೆ ಟೇಪ್ ಹಾಕಿ ಅಂಟಿಸಿದ್ದರು. ನನ್ನ ಕಣ್ಣೆದುರೇ ಹುಡುಗನೊಬ್ಬ ಅದನ್ನು ಪರ್ರನೆ ಎಳೆದ. ಮುಖಪುಟದ ಮೂಲೆ ಟೇಪಿನ ಜೊತೆಗೇ ಬಂತು. "ನಿಧಾನ ಮಾರಾಯ" ಅಂದೆ. "ಹಳೇ ಪೇಪರ್ ಅಲ್ವಾ ಸರ್" ಅಂದ. ಅವನನ್ನು ಬೈದು ಏನು ಪ್ರಯೋಜನ, ಹೇಳಿಕೊಡಬೇಕಾದವರು ಹೂಗುಚ್ಛ ತರಲು ಹೋಗಿದ್ದರು.

ಇನ್ನೊಂದು ಕೇಳಿ. ರಸ್ತೆ ಗುಂಡಿಯ ಮೇಲಿನ ಕಾರ್ಟೂನ್ ಒಂದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಯಾಕೆಂದರೆ "ಸಾಹೇಬರು ಬರ್ತಾರೆ, ಬೇಜಾರು ಮಾಡ್ಕೊಳ್ತಾರೆ". ವ್ಯಂಗ್ಯಚಿತ್ರಕಾರ ಶಂಕರ್‌ಗೆ "ನನ್ನನ್ನೂ ಬಿಡಬೇಡಿ" ಎಂದವರು ಪ್ರಧಾನಿ ನೆಹರೂ. ನಮ್ಮ ಸಾಹೇಬರು ಅವರಿಗಿಂತ ದೊಡ್ಡವರಿರಬೇಕು! ನಮ್ಮ ಯಕ್ಷಗಾನದ ಹಾಸ್ಯಗಾರರು ರಂಗಸ್ಥಳದಲ್ಲೇ ಊರ ದೊಡ್ಡವರ ಕಾಲೆಳೆಯುತ್ತಿದ್ದರು, ಮುಂದಿನ ಸಾಲಿನಲ್ಲಿ ಕೂತ ಅದೇ ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗಿನವರಿಗೆ ಕಾರ್ಟೂನ್ ಕಂಡರೆ ಬೇಜಾರು, ಗುಂಡಿ ಕಂಡರೆ ಏನೂ ಇಲ್ಲ.

ಗುಂಡಿ ಅಂದಾಗ ನೆನಪಾಯಿತು. ನಮ್ಮ ಮನೆ ಎದುರಿನ ಚರಂಡಿಯ ಸ್ಲ್ಯಾಬ್ ತೆಗೆದು ಹೋದವರು ಮಳೆಗಾಲ ಮುಗಿದರೂ ಪತ್ತೆ ಇಲ್ಲ. ದೂರು ಕೊಟ್ಟರೆ "ಅದು ನಮಗೆ ಬರುವುದಿಲ್ಲ" ಅನ್ನುತ್ತಾರೆ. ಮತ್ತೆ ಯಾರಿಗೆ ಬರುತ್ತದೆ, ಶ್ರೀಲಂಕಾದವರಿಗಾ? ವಾಚನಾಲಯವೊಂದರಲ್ಲಿ ಹಳೆ ಪತ್ರಿಕೆಗಳ ಬೈಂಡ್ ಕೇಳಿದ್ದೆ. ಜಾಗ ಇಲ್ಲ ಅಂತ ಗುಜರಿಗೆ ಹಾಕಿದರಂತೆ. ಅದೇ ಜಾಗದಲ್ಲಿ ಈಗ ಮುರಿದ ಕುರ್ಚಿಗಳಿವೆ.

ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು. ಪ್ರದರ್ಶನವನ್ನು ಇನ್ನೊಮ್ಮೆ ಸರಿಯಾಗಿ ಇಡಲಿ, ಆಗದಿದ್ದರೆ ಸುಮ್ನೆ ಅದಕ್ಕೆಲ್ಲ ಕೈ ಹಾಕದಿರಲಿ. ಹಾಗೆಯೇ ಆ ಸ್ಲ್ಯಾಬನ್ನೂ ಹಾಕಲಿ. ಅಲ್ಲಾ, ಸನ್ಮಾನ ಮಾಡಿಸಿಕೊಳ್ಳಲು ಇಡೀ ಮಂಗಳೂರಿನಲ್ಲಿ ಬೇರೆ ಹಾಲ್ ಇರಲಿಲ್ವಾ ಇವರಿಗೆ?

– ನೊಂದ ಓದುಗ, ಸುರತ್ಕಲ್